ಪೈನ್ ಎಲೆಯ ಮೂರನೇ ಸೀಸೆ

ನಾನು ಮೊದಲ ಸಲ ಬಿಯರು ಕುಡಿದದ್ದು ಎಪ್ಪತ್ತೆರಡನೇ ವಯಸ್ಸಿನಲ್ಲಿ, ಚಾಮರಾಜಪುರಂ ಮನೆಯ ಅಡುಗೆಮನೆಯಲ್ಲಿ, ಕಾಫಿ ಲೋಟದಲ್ಲಿ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಕುಡಿಸಿದವಳು ನನ್ನ ಮೊಮ್ಮಗಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇದ್ದದ್ದು ನನ್ನ ಮಗಳಿಗೆ.

ಆ ಮನೆಯಲ್ಲಿ ನಾವು ಮೂವರೇ. ನಾನು, ನನ್ನ ಮಗಳು, ಅವಳ ಮಗಳು. ಅಳಿಯ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಕುವೆಂಪುನಗರದ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರೆ ಮಧ್ಯಾಹ್ನ ಊಟಕ್ಕೆ ಬಂದು, ಸಂಜೆ ಮತ್ತೆ ಹೋಗುತ್ತಾಳೆ. ಮೊಮ್ಮಗಳು ಬಿ.ಎಸ್ಸಿ. ಓದಿ, ರಿಂಗ್ ರಸ್ತೆಯ ಆಚೆ ಬಿಯರು ಮಾಡುವ ಒಂದು ಜಾಗಕ್ಕೆ ಸೇರಿಕೊಂಡಳು. ದೊಡ್ಡ ಕಾರ್ಖಾನೆಯೇನಲ್ಲ. ಹಿಂದುಗಡೆ ಟ್ಯಾಂಕುಗಳಲ್ಲಿ ಮಾಡುತ್ತಾರೆ, ಮುಂದುಗಡೆ ಮೇಜು ಹಾಕಿ ಬಂದವರಿಗೆ ಲೋಟದಲ್ಲಿ ಕೊಡುತ್ತಾರೆ. ಅಲ್ಲಿ ಎರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಟ್ಯಾಂಕು ತೊಳೆಯುವುದು. ಬಿ.ಎಸ್ಸಿ. ಓದಿ ಪಾತ್ರೆ ತೊಳೆಯುತ್ತಾಳೆ ಎಂದು ಮಗಳು ದಿನಾ ಒಂದು ಸಲ ಹೇಳುತ್ತಿದ್ದಳು. ಆ ಕೆಲಸ ಬಿಡು, ಬೇರೆ ನೋಡು ಎಂದು ಎರಡು ಸಲ ಹೇಳುತ್ತಿದ್ದಳು.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಆ ಜಾಗದ ಮಾಲೀಕರು ಅವಳಿಗೆ ಒಂದು ಸಣ್ಣ ಟ್ಯಾಂಕು ಕೊಟ್ಟರು. ನಿನ್ನ ಕೈಯಿಂದ ಹೊಸದೊಂದು ಮಾಡು, ಇಂಥ ಶುಕ್ರವಾರದೊಳಗೆ ರುಚಿ ತೋರಿಸು, ಚೆನ್ನಾಗಿದ್ದರೆ ಹಲಗೆಯ ಮೇಲೆ ಬರೆದು ಮಾರೋಣ, ಇಲ್ಲದಿದ್ದರೆ ಆ ಟ್ಯಾಂಕಿಗೆ ಎಂದಿನ ಹಾಗೆ ಮಾವಿನಹಣ್ಣಿನ ಬಿಯರು ತುಂಬುತ್ತೇನೆ ಅಂದರಂತೆ. ಮತ್ತೆ ಟ್ಯಾಂಕು ಖಾಲಿಯಾಗುವುದು ಮುಂದಿನ ವರ್ಷವೇ. ಇನ್ನೊಂದು ವರ್ಷ ತೊಳೆಯುತ್ತಾ ಇರಲು ತನ್ನಿಂದ ಆಗುವುದಿಲ್ಲ, ಇದು ಕೈಹಿಡಿಯದಿದ್ದರೆ ಅಮ್ಮ ಹೇಳಿದ ಹಾಗೆ ಬಿಟ್ಟುಬಿಡುತ್ತೇನೆ ಎಂದು ಅವಳು ನನ್ನ ಹತ್ತಿರ ಮಾತ್ರ ಹೇಳಿದ್ದಳು.

ಅವಳು ಬಸ್ಸಿನಲ್ಲಿ ಊಟಿಗೆ ಹೋಗಿ, ಗೆಳತಿಯೊಬ್ಬಳ ಮನೆಯವರ ತೋಟದಿಂದ ಮೂರು ಚೀಲ ಪೈನ್ ಎಲೆ ತಂದಳು. ಎಲೆ ಅಂದರೆ ಎಲೆಯಲ್ಲ. ಹಸಿರು ಸೂಜಿ. ಕಂತೆ ಕಂತೆಯಾಗಿ ಹಿಡಿದುಕೊಂಡಿರುತ್ತವೆ. ಚಳಿಯಲ್ಲೂ ಉದುರುವುದಿಲ್ಲವಂತೆ. ಅದನ್ನು ಹಾಕಿ ಮಾಡಿದ ಮೊದಲ ಸೀಸೆಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಆ ಭಾನುವಾರ ಮನೆಗೆ ತಂದಿದ್ದಳು.

"ಅಜ್ಜಿ, ಒಂದೇ ಒಂದು ಗುಟುಕು. ನುಂಗ್ಲೇಬೇಕು ಅಂತಿಲ್ಲ."

"ಏನೇ ಇದು, ಗಂಜಲದ ಬಣ್ಣ ಇದೆ."

"ಎಲ್ಲಾ ಬಿಯರೂ ಹಂಗೇ ಇರೋದು."

ಮಗಳು ಬಾಗಿಲಿನಲ್ಲಿ ನಿಂತಿದ್ದಳು. "ಅಮ್ಮ, ನೀನೂ ಅವಳ ಜೊತೆ ಕುಣೀಬೇಡ. ದೇವ್ರ ಕೋಣೆ ಪಕ್ಕದಲ್ಲೇ ಇದೆ."

"ಅದರ ಬಾಗ್ಲು ಹಾಕಿ ಬಾ ಹೋಗು" ಅಂದೆ.

ಲೋಟವನ್ನು ಮೂಗಿನ ಹತ್ತಿರ ತಂದೆ. ಕುಡಿಯುವ ಮೊದಲು ಮೂಸುವುದು ನನ್ನ ಹಳೇ ಅಭ್ಯಾಸ. ಮೂಸಿದ ಕೂಡಲೇ ಗೊತ್ತಾಯಿತು.

"ಫಿನಾಯಿಲು."

"ಏನು?"

"ಫಿನಾಯಿಲು ಕಣೇ. ಆಸ್ಪತ್ರೆ ವರಾಂಡ ಒರೆಸ್ತಾರಲ್ಲ, ಅದು. ಇದನ್ನ ಕುಡಿಯೋಕೆ ಜನ ದುಡ್ಡು ಕೊಟ್ಟು ಬರ್ತಾರಾ?"

ಮಗಳು ನಕ್ಕಳು. ಮೊಮ್ಮಗಳು ನಗಲಿಲ್ಲ. ಮೂಸಿ ಬಿಡುವುದು ನ್ಯಾಯವಲ್ಲ ಎಂದು ನಾನು ಒಂದು ಗುಟುಕು ಬಾಯಿಗೂ ಹಾಕಿಕೊಂಡೆ. ಬೇವಿನ ಚಕ್ಕೆ ಜಗಿದ ಹಾಗೆ ನಾಲಿಗೆಯ ಎರಡು ಪಕ್ಕ ಒಗರು ಹಿಡಿಯಿತು. ಸಿಂಕಿಗೆ ಉಗಿದು ಬಾಯಿ ಮುಕ್ಕಳಿಸಿದೆ.

"ಅಷ್ಟೇನಾ?" ಅಂದಳು ಮೊಮ್ಮಗಳು.

"ಇನ್ನೂ ಇದೆ. ಹೇಳ್ಲಾ?"

"ಹೇಳು." ಬ್ಯಾಗಿನಿಂದ ಒಂದು ಪುಸ್ತಕ, ಪೆನ್ನು ತೆಗೆದಳು. ಮುಖ ಸಣ್ಣಗಾಗಿತ್ತು, ಆದರೆ ಪೆನ್ನು ತೆಗೆದಳು. ನನಗೆ ಅದು ಹಿಡಿಸಿತು. ಅಳುವವರಿಗೆ ಏನು ಹೇಳಿಯೂ ಪ್ರಯೋಜನವಿಲ್ಲ, ಬರೆದುಕೊಳ್ಳುವವರಿಗೆ ಹೇಳಬಹುದು.

"ಎಲೆ ಎಷ್ಟೊತ್ತು ಬೇಯಿಸ್ದೆ?"

"ಒಂದು ಗಂಟೆ. ಪುಸ್ತಕದಲ್ಲಿ ಹಂಗೇ ಇತ್ತು."

"ಪುಸ್ತಕ ಬರೆದೋರಿಗೆ ಮೂಗಿರ್ಲಿಲ್ವಾ? ವಾಸನೆ ಅನ್ನೋದು ಬಿಸಿ ತಗುಲಿದ್ರೆ ಎದ್ದು ಹೋಗುತ್ತೆ. ಕೆಳಗೆ ಉಳಿಯೋದು ಕಹಿ. ಬಲಿತ ಎಲೆ, ಎಳೆ ಎಲೆ ಎರಡನ್ನೂ ಒಟ್ಟಿಗೆ ಕುದಿಸಿದ್ದೀಯ. ಬರೀ ತುದೀದು ಕಿತ್ಕೋ. ಬಿಯರು ತಣ್ಣಗಾದ್ಮೇಲೆ ಹಾಕು."

"ಹಸಿ ಎಲೆ ಹಾಕಿದ್ರೆ ಹುಳಿ ಹಿಡಿಯುತ್ತೆ ಅಜ್ಜಿ."

"ಅದು ನಿನ್ನ ಕಷ್ಟ. ನಾನು ಮೂಗಿಗೆ ತಿಳಿದದ್ದು ಹೇಳ್ದೆ."

ಮೂಗಿನ ಕೆಲಸವನ್ನು ನಾನು ಕಲಿತದ್ದು ಮಂಡಿ ಮೊಹಲ್ಲಾದಲ್ಲಿ. ನನ್ನ ಯಜಮಾನರ ಸಂಬಳ ಮನೆಗೆ ಸಾಲುತ್ತಿರಲಿಲ್ಲ, ನಾನು ಊದುಬತ್ತಿ ಹೊಸೆಯಲು ಹೋದೆ. ಒಂದು ಮಂಡಿಯ ಮೇಲಿನ ಅಟ್ಟ. ಕೆಳಗೆ ಒಣಮೆಣಸಿನಕಾಯಿ ಮೂಟೆ, ಮೇಲೆ ನಾವು ಹನ್ನೆರಡು ಹೆಂಗಸರು ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಇದ್ದಿಲು ಪುಡಿಯ ಮುದ್ದೆಯನ್ನು ಬಿದಿರು ಕಡ್ಡಿಗೆ ಹೊಸೆದು ಹೊಸೆದು ಅಂಗೈ ಕರ್ರಗಾಗಿರುತ್ತಿತ್ತು. ಮೂರು ವರ್ಷ ಹೊಸೆದ ಮೇಲೆ ಒಂದು ದಿನ, ಪಕ್ಕದ ಕೋಣೆಯಿಂದ ಬಂದ ವಾಸನೆಗೆ ನಾನು "ಇದರಲ್ಲಿ ಎಣ್ಣೆ ಕಮಟು ಹಿಡಿದಿದೆ" ಅಂದುಬಿಟ್ಟೆ. ಕೇಳಿಸಿಕೊಂಡ ಮೇಸ್ತ್ರಿ ಸಾಬರು ಎಣ್ಣೆಯ ಡಬ್ಬ ತೆಗೆಸಿ ನೋಡಿದರು. ಕಮಟು ಹಿಡಿದಿತ್ತು. ಮಾರನೆಯ ದಿನದಿಂದ ನನ್ನನ್ನು ಆ ಕೋಣೆಗೆ ಹಾಕಿದರು. ನಾಲ್ಕನೇ ಕ್ಲಾಸು ಓದಿದವಳಿಗೆ ಅದು ದೊಡ್ಡ ಜಾಗವೇ.

ಅದು ಕಡ್ಡಿಗೆ ಸೆಂಟು ಹಾಕುವ ಕೋಣೆ. ಬಿಸಿಲಿನಲ್ಲಿ ಒಣಗಿದ ಕಡ್ಡಿಯನ್ನು ನೆರಳಿಗೆ ತಂದು, ಕೈಗೆ ತಣ್ಣಗೆ ಹತ್ತುವ ತನಕ ಕಾದು, ಆಮೇಲೆ ಸೆಂಟಿನ ಎಣ್ಣೆಯಲ್ಲಿ ಅದ್ದಬೇಕು. ಬಿಸಿ ಕಡ್ಡಿ ಅದ್ದಿದರೆ ವಾಸನೆಯೆಲ್ಲ ಕೋಣೆಗೆ, ಕಡ್ಡಿಗೆ ಬರೀ ಜಿಡ್ಡು. ಅದ್ದಿ ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಮೂಸುತ್ತಿದ್ದೆವು. ಮೂಗು ದಣಿದರೆ ಮೊಣಕೈಯ ಒಳಮೈಯನ್ನು ಮೂಸಿಕೊಳ್ಳಬೇಕು. ತನ್ನ ಮೈಯ ವಾಸನೆಗೆ ಮೂಗು ಮತ್ತೆ ಸರಿಹೋಗುತ್ತದೆ.

ಮೂಸುವಾಗ ಅಲ್ಲೊಂದು ಕಟ್ಟುಪಾಡಿತ್ತು. ತಪ್ಪು ಇದ್ದರೆ ಬಾಯಿಬಿಟ್ಟು ಹೇಳಬೇಕು. ಚೆನ್ನಾಗಿದೆ ಅನ್ನುವಂತಿಲ್ಲ. ಒಬ್ಬಳು ಚೆನ್ನಾಗಿದೆ ಅಂದರೆ ಮಿಕ್ಕವರ ಮೂಗು ಅವಳ ಹಿಂದೆ ಹೋಗುತ್ತದೆ, ಆಮೇಲೆ ಯಾರೂ ತಪ್ಪು ಹುಡುಕುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಿದ್ದರು. ಕಡ್ಡಿ ಸರಿಯಾಗಿದ್ದರೆ ಮಾತಾಡದೆ ಅದನ್ನು ಬೆನ್ನ ಹಿಂದೆ ಇಡಬೇಕು. ಅಷ್ಟೇ. ಎಲ್ಲರ ಬೆನ್ನ ಹಿಂದೆಯೂ ಕಡ್ಡಿ ಬಿದ್ದರೆ ಆ ಸರಕು ಪಾಸು. ಇಪ್ಪತ್ತಾರು ವರ್ಷ ನಾನು ಆ ಕೋಣೆಯಲ್ಲಿ ಕೂತಿದ್ದೆ. ಮಾತಾಡಿದರೆ ತಪ್ಪು, ಮಾತಾಡದಿದ್ದರೆ ಸರಿ. ನನಗೆ ಲೋಕವೇ ಹಾಗೆ ಅನ್ನಿಸಿಬಿಟ್ಟಿತ್ತು.

ಮೊಮ್ಮಗಳು ಹತ್ತು ದಿನ ಏನು ಮಾಡಿದಳೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಬೇಗ ಹೋಗುತ್ತಿದ್ದಳು, ಕತ್ತಲಾದ ಮೇಲೆ ಬರುತ್ತಿದ್ದಳು. ಕೈಬೆರಳಿಗೆ ಅಂಟು ಹತ್ತಿ, ತಲೆಗೂದಲೂ ಅಂಟಾಗಿ, ಸೀಗೆಪುಡಿಗೂ ಹೋಗದೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿಕೊಂಡಳು. ಮಗಳು ಬೈದುಕೊಂಡೇ ಎಣ್ಣೆ ಹಚ್ಚಿದಳು.

ಶುಕ್ರವಾರದ ಗಡುವಿಗೆ ಎರಡು ದಿನ ಮುಂಚೆ, ಬುಧವಾರ ಸಂಜೆ, ಮೂರು ಸೀಸೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದ್ದಳು. ಮೂರಕ್ಕೂ ಎಲೆಯನ್ನು ತಣ್ಣಗಿನ ಬಿಯರಿಗೇ ಹಾಕಿದ್ದಳಂತೆ, ದಿನ ಮಾತ್ರ ಬೇರೆ ಬೇರೆ. ಮಗಳು ಕ್ಲಿನಿಕ್ಕಿಗೆ ಹೋಗಿದ್ದಳು. ನಾನು ಮಣೆ ಹಾಕಿಕೊಂಡು ಕೂತೆ. ಕುರ್ಚಿಯಲ್ಲಿ ಕೂತರೆ ನನಗೆ ಮೂಗು ಕೆಲಸ ಮಾಡುವುದಿಲ್ಲ.

ಮೊದಲನೆಯದನ್ನು ಮೂಸಿದೆ. ಒಂದು ಗುಟುಕು ತೆಗೆದುಕೊಂಡೆ.

"ನೀರು" ಅಂದೆ. "ಎಲೆ ಹಾಕಿದ್ದೇ ಗೊತ್ತಾಗಲ್ಲ. ಊಟಿಗ್ಯಾಕೆ ಹೋಗಿದ್ದೆ?"

ಬರೆದುಕೊಂಡಳು. ಮೊಣಕೈ ಮೂಸಿಕೊಂಡು ಎರಡನೆಯದನ್ನು ತೆಗೆದುಕೊಂಡೆ.

"ಇದು ಮರದ ಅಂಗಡಿ. ಬಾಗಿಲಿಗೆ ಪಾಲಿಶ್ ಹೊಡೀತಾರಲ್ಲ, ಅದು. ಎಷ್ಟು ದಿನ ಬಿಟ್ಟಿದ್ದೆ?"

"ಆರು ದಿನ."

"ಜಾಸ್ತಿಯಾಯ್ತು."

ಮೂರನೆಯದು. ಲೋಟ ಇನ್ನೂ ದೂರದಲ್ಲಿದ್ದಾಗಲೇ ಮೂಗಿಗೆ ಬಂತು. ಮಾವಿನಕಾಯಿಯ ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತದಲ್ಲ, ಆ ವಾಸನೆ. ಆಮೇಲೆ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದ ಹಾಗೆ. ಕುಡಿದೆ. ತಣ್ಣಗಿತ್ತು. ಕಹಿ ಬಂತು, ಆದರೆ ಬಂದು ನಿಲ್ಲದೆ ಹೊರಟುಹೋಯಿತು. ಮೂಗಿನ ಹಿಂದೆ ಹಸಿರು ಮಾತ್ರ ಉಳಿಯಿತು. ಇನ್ನೊಂದು ಗುಟುಕು ಕುಡಿದೆ. ಮೂರನೆಯದನ್ನೂ ಕುಡಿದೆ. ಲೋಟ ಕೆಳಗಿಟ್ಟೆ, ಸೀಸೆಯನ್ನು ತೆಗೆದು ನನ್ನ ಬೆನ್ನ ಹಿಂದೆ ಇಟ್ಟೆ.

ಅವಳು ಪೆನ್ನು ಹಿಡಿದು ನನ್ನ ಮುಖ ನೋಡುತ್ತಾ ಕೂತಿದ್ದಳು.

"ಮೂರನೇದು?" ಅಂದಳು.

ನಾನು ಮಣೆಯಿಂದ ಎದ್ದೆ. ಅಕ್ಕಿ ತೊಳೆಯುವುದಿತ್ತು.

"ಅಜ್ಜಿ, ಮೂರನೇದು?"

"ಆಯ್ತಲ್ಲ" ಅಂದೆ.

ಅವಳು ಪುಸ್ತಕ ಮುಚ್ಚಿದಳು. ಆಮೇಲೆ ಲೋಟಗಳನ್ನು ತೊಳೆದಳು. ಒಂದು ಲೋಟವನ್ನು ಎರಡು ಸಲ ತೊಳೆದದ್ದು ನನಗೆ ಕಂಡಿತು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದು ಮಲಗಿದಳು. ಪಾಸಾಯಿತಲ್ಲ, ದಣಿವು ಈಗ ತಿಳಿಯುತ್ತಿದೆ ಅಂದುಕೊಂಡು ನಾನು ಆ ಸೀಸೆಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟೆ. ನೆಮ್ಮದಿಯಾಗಿ ನಿದ್ದೆ ಬಂತು.

ಮರುದಿನ, ಗುರುವಾರ ಮಧ್ಯಾಹ್ನ, ಮಗಳು ಊಟಕ್ಕೆ ಬಂದಳು. ತಟ್ಟೆ ಹಾಕುತ್ತಾ ಹೇಳಿದಳು:

"ಟ್ಯಾಂಕ್ ಬೇಡ ಅಂದ್ಬುಟ್ಟಳಂತೆ. ಮಾವಿನಹಣ್ಣಿಂದೇ ತುಂಬಿಸ್ಕೊಳ್ಳಿ ಅಂತ ಬೆಳಿಗ್ಗೆ ಹೇಳಿ ಆಯ್ತಂತೆ. ಈ ತಿಂಗಳು ಮುಗಿಸಿ ಕೆಲಸಾನೂ ಬಿಡ್ತಾಳಂತೆ. ಈಗ ಫೋನ್ ಮಾಡಿದ್ಳು."

ಅವಳು ಇಷ್ಟು ದಿನ ಕಾದ ಸುದ್ದಿ. ಆದರೆ ಹೇಳುವಾಗ ಅವಳ ಮುಖದಲ್ಲಿ ಸಂತೋಷ ಇರಲಿಲ್ಲ.

"ಯಾಕಂತೆ?" ಅಂದೆ.

"ನೀನು ಬಾಯೇ ಬಿಡ್ಲಿಲ್ವಂತೆ. ಫಿನಾಯಿಲು ಅಂತಾದ್ರೂ ಅನ್ಬೇಕಿತ್ತು, ಬೈಯೋಕೂ ಲಾಯಕ್ಕಿಲ್ಲದ್ದು ಮಾಡಿದ್ದೀನಿ ಅಂತ ಅಳ್ತಿದ್ಳು. ಅಷ್ಟು ಕೆಟ್ಟದಾಗಿತ್ತಾ ಅಮ್ಮ?"

"ಚೆನ್ನಾಗಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಚೆನ್ನಾಗಿರೋದನ್ನ ಹೇಳೋದೇನು? ಕೆಟ್ಟದಾಗಿದ್ರೆ ಹೇಳ್ತಿರ್ಲಿಲ್ವಾ? ಬೆನ್ನ ಹಿಂದೆ ಇಟ್ನಲ್ಲ."

"ಬೆನ್ನ ಹಿಂದೆ ಇಟ್ರೆ?"

ಆಗ ನಾನು ಅವಳಿಗೆ ಮೇಸ್ತ್ರಿಯ ಕಟ್ಟುಪಾಡು ಹೇಳಿದೆ. ಅಲ್ಲಿಯ ತನಕ ಆ ವಿಷಯ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕೆಲಸದ ಮನೆಯ ಮಾತು ಮನೆಯಲ್ಲಿ ಯಾಕೆ ಎಂದು ಬಿಟ್ಟಿದ್ದೆ. ಅವಳು ಹುಳಿಯ ಸೌಟನ್ನು ಹಿಡಿದುಕೊಂಡೇ ಕೇಳಿದಳು.

"ನಾನು ಮದುವೆಗೆ ಮುಂಚೆಯಿಂದ ಅಡುಗೆ ಮಾಡ್ತಿದ್ದೀನಿ" ಅಂದಳು. "ಉಪ್ಪು ಜಾಸ್ತಿಯಾದ್ರೆ ನೀನು ಹೇಳ್ತಿದ್ದೆ. ಹುಣಸೇಹಣ್ಣು ಹಸಿ ಅಂತಿದ್ದೆ. ಎಷ್ಟೋ ದಿನ ನೀನು ಏನೂ ಅನ್ನದೆ ಊಟ ಮಾಡಿ ಎದ್ದು ಹೋಗ್ತಿದ್ದೆ."

"ಹೂಂ. ಆವತ್ತು ಚೆನ್ನಾಗಿರ್ತಿತ್ತು."

"ಅಮ್ಮಂಗೆ ಸೇರ್ಲಿಲ್ಲವೇನೋ, ಬೈದು ಬೈದು ಸಾಕಾಗಿ ಬಿಟ್ಟಿದ್ದಾಳೆ ಅಂತ ನಾನು ಅಂದ್ಕೊಳ್ತಿದ್ದೆ."

"ನಂಗೆ ಬೈದು ಯಾವತ್ತು ಸಾಕಾಗಿದೆ?"

ಅವಳು ಒಲೆಯ ಕಡೆಗೆ ತಿರುಗಿಕೊಂಡಳು. ಒಲೆ ಆರಿತ್ತು, ಅಲ್ಲಿ ಮಾಡುವುದು ಏನೂ ಇರಲಿಲ್ಲ. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಎದ್ದು ಹೋಗಿ ಹೆಗಲು ಸವರಲಿಲ್ಲ. ನಮ್ಮ ಮನೆಯಲ್ಲಿ ಅದೆಲ್ಲ ಅಭ್ಯಾಸವಿಲ್ಲ. ತಟ್ಟೆಯಲ್ಲಿದ್ದ ಅನ್ನ ಕಲಸಿ ತಿಂದೆ. ತಿಂದು ಮುಗಿಸಿ, "ಹುಳಿ ಚೆನ್ನಾಗಿದೆ" ಅಂದೆ. ಅದು ನಿಜವೂ ಆಗಿತ್ತು.

"ಈಗ ಅದೆಲ್ಲ ಇರ್ಲಿ. ಸೆರಗು ಸರಿ ಮಾಡ್ಕೋ" ಅಂದಳು ಮಗಳು. ತನ್ನ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಿದ್ದಳು. "ನಡಿ, ಹೋಗಿ ಅವಳಿಗೆ ಹೇಳು. ಫೋನಲ್ಲಿ ಹೇಳಿದ್ರೆ ನಂಬಲ್ಲ."

"ಕೆಲಸ ಬಿಡ್ಲಿ ಅಂತ ನೀನೇ ಅಂತಿದ್ಯಲ್ಲ."

"ಬೇಡ ಅಂತ ಬಿಡ್ಲಿ. ಕೆಟ್ಟದಾಗಿ ಮಾಡ್ದೆ ಅಂದ್ಕೊಂಡು ಬಿಡೋದು ಬೇರೆ."

ಫ್ರಿಜ್ಜಿನಿಂದ ಸೀಸೆ ತೆಗೆದು, ಒದ್ದೆ ಬಟ್ಟೆ ಸುತ್ತಿ, ತರಕಾರಿ ಚೀಲಕ್ಕೆ ಹಾಕಿಕೊಂಡೆ. ಸ್ಕೂಟರಿನ ಹಿಂದೆ ಕೂರಲು ನನಗೆ ಧೈರ್ಯವಿಲ್ಲ. ಆಟೋ ಹಿಡಿದೆವು. ಬಿಸಿಲು ಸುಡುತ್ತಿತ್ತು. ಸೀಸೆ ಬಿಸಿಯಾಗಬಾರದು ಎಂದು ಚೀಲವನ್ನು ಕಾಲಡಿ ನೆರಳಿನಲ್ಲಿ ಇಟ್ಟುಕೊಂಡೆ. ಆಟೋದವನು ಎರಡು ಸಲ ಹಿಂದೆ ತಿರುಗಿ ನೋಡಿದ. "ಏನ್ ಅಜ್ಜಿ, ಅಲ್ಲಿಗೇನಾ?" ಅಂದ. "ಅಲ್ಲಿಗೇ. ಮುಂದೆ ನೋಡ್ಕೊಂಡು ಓಡ್ಸು" ಅಂದೆ.

ಆ ಜಾಗಕ್ಕೆ ನಾವಿಬ್ಬರೂ ಅದುವರೆಗೆ ಕಾಲಿಟ್ಟಿರಲಿಲ್ಲ. ನಾನು ಏನೇನೋ ಅಂದುಕೊಂಡಿದ್ದೆ. ಒಳಗೆ ಹೋದರೆ ಹುರಿಹಿಟ್ಟಿಗೆ ಬಿಸಿನೀರು ಹಾಕಿದ ವಾಸನೆ. ನೆಲ ತೊಳೆದು ಒದ್ದೆಯಾಗಿತ್ತು. ಹಿತ್ತಾಳೆ ಹಂಡೆಗಳನ್ನು ಹುಣಸೇಹಣ್ಣು ಹಚ್ಚಿ ಉಜ್ಜಿದ ಹಾಗೆ ಟ್ಯಾಂಕುಗಳೆಲ್ಲ ಹೊಳೆಯುತ್ತಿದ್ದವು. ಎರಡು ವರ್ಷ ಇವಳು ತೊಳೆದದ್ದು ಇದನ್ನೇ. ಚೆನ್ನಾಗಿ ತೊಳೆದಿದ್ದಳು.

ಮಾಲೀಕರು ಎದ್ದು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ನೀವೇನಾ ಆ ಅಜ್ಜಿ? ನಮ್ಮಜ್ಜಿಗೆ ಮಾತೇ ಹೊರಡ್ಲಿಲ್ಲ ಸಾರ್, ಅಂತ ಅಂದ್ಲು. ನಂಗೂ ರುಚಿ ತೋರಿಸ್ಲಿಲ್ಲ ನೋಡಿ. ನಿಮ್ಮ ಮೂಗು ಒಪ್ದೇ ಇದ್ರೆ ಮುಗೀತಂತೆ."

"ಟ್ಯಾಂಕು ತುಂಬಿ ಆಯ್ತಾ?" ಅಂದೆ.

"ಇಲ್ಲ. ಅದರಲ್ಲಿ ಸಾದಾ ಬಿಯರು ಇದೆ. ಮಾವಿನಹಣ್ಣಿನ ತಿರುಳು ನಾಳೆ ಬೆಳಿಗ್ಗೆ ಬರುತ್ತೆ, ಬಂದ ಕೂಡ್ಲೇ ಹಾಕ್ತೀವಿ."

ಅಷ್ಟರಲ್ಲಿ ಮೊಮ್ಮಗಳು ಹಿಂದಿನಿಂದ ಬಂದಳು. ಮೊಣಕಾಲಿನ ತನಕ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ನಮ್ಮನ್ನು ನೋಡಿ ಪೈಪು ನಿಲ್ಲಿಸಿದಳು.

"ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ" ಅಂದೆ. "ಮೂರನೇದು ಚೆನ್ನಾಗಿದೆ. ಅದನ್ನ ಹೇಳೋಕೆ ಬಂದೆ."

ಹೇಳುವುದು ಸುಲಭವಾಗಿರಲಿಲ್ಲ. ಹಲ್ಲು ಕಟ್ಟಿಸಿಕೊಂಡ ಮೊದಲ ದಿನ ನಾಲಿಗೆ ಹೇಗೆ ತಡವರಿಸುತ್ತದೋ ಹಾಗೆ ತಡವರಿಸಿತು. ಆದರೂ ಹೇಳಿದೆ. ಅವಳು ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಅವಳಮ್ಮನ ಮುಖ ನೋಡಿದಳು.

"ಅಮ್ಮ, ನೀನು ಹೇಳಿಸ್ತಿದ್ದೀಯಾ?"

"ನಾನ್ಯಾಕೆ ಹೇಳಿಸ್ಲಿ?" ಅಂದಳು ಮಗಳು.

"ನಾನು ಫೋನಲ್ಲಿ ಅತ್ತಿದ್ದಕ್ಕೆ ಅಜ್ಜೀನ ಕರ್ಕೊಂಡು ಬಂದಿದ್ದೀಯ." ನನ್ನ ಕಡೆ ತಿರುಗಿದಳು. "ಅಜ್ಜಿ, ನೀನು ಯಾವತ್ತೂ ಯಾವುದನ್ನೂ ಚೆನ್ನಾಗಿದೆ ಅಂದೋಳಲ್ಲ. ಈಗ ಬಂದು ಅಂದ್ರೆ, ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದ್ದೀಯ ಅಂತ ಗೊತ್ತಾಗಲ್ವಾ? ಬಿಡು. ಸುಳ್ಳು ಹೇಳ್ಬೇಡ."

ಮಗಳು ಮೇಸ್ತ್ರಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಮೊಮ್ಮಗಳು ಕೇಳಿಸಿಕೊಂಡಳು. ಆದರೆ ನಂಬಿದ ಹಾಗೆ ಕಾಣಲಿಲ್ಲ. ಮನೆಯಲ್ಲಿ ಕೂತು ಇಬ್ಬರೂ ಕಟ್ಟಿಕೊಂಡು ಬಂದ ಕಥೆ ಅಂದುಕೊಂಡಿರಬೇಕು.

ನನಗೆ ಕೋಪ ಬಂತು. ಬಾಯಿಬಡುಕಿ ಎಂದು ಅನ್ನಿಸಿಕೊಂಡಿದ್ದೇನೆ, ಒರಟಿ ಎಂದು ಅನ್ನಿಸಿಕೊಂಡಿದ್ದೇನೆ. ಸುಳ್ಳಿ ಎಂದು ಯಾರೂ ಅಂದಿರಲಿಲ್ಲ. ಹೊಗಳಿದರೆ ಇವಳು ನಂಬುವುದಿಲ್ಲ. ಇವಳು ನಂಬುವುದು ತಪ್ಪು ಹೇಳಿದರೆ ಮಾತ್ರ. ಹಾಗೆ ಬೆಳೆಸಿದವಳೂ ನಾನೇ.

"ಒಂದು ಲೋಟ ಕೊಡ್ರೀ" ಅಂದೆ ಮಾಲೀಕರಿಗೆ. ಚೀಲದಿಂದ ಸೀಸೆ ತೆಗೆದು ಬಗ್ಗಿಸಿದೆ. ನೊರೆ ಏಳಲಿಲ್ಲ. ಒಂದು ರಾತ್ರಿ ಇಟ್ಟದ್ದಕ್ಕೆ ಗ್ಯಾಸ್ ಹೋಗಿದೆ ಅಂದರು ಅವರು. ಹೋಗಲಿ, ವಾಸನೆ ಇತ್ತು. ಮೂಸಿದೆ, ಕುಡಿದೆ, ಬಾಯಲ್ಲಿ ಅತ್ತಿತ್ತ ಆಡಿಸಿ ನುಂಗಿದೆ. ಆಮೇಲೆ ಕಾದೆ. ಬುಧವಾರ ನಾನು ಇಷ್ಟು ಹೊತ್ತು ಕಾದಿರಲಿಲ್ಲ. ಅದು ನನ್ನ ತಪ್ಪು.

"ಬಾ ಇಲ್ಲಿ. ಲೋಟ ಹಿಡಿ" ಅಂದೆ. ಬಂದಳು. "ಕುಡಿ. ಮೊದ್ಲು ಏನು ಬಂತು?"

"ನಿಂಬೆ ಥರ."

"ನಿಂಬೆಯಲ್ಲ, ಹೇರಳೆ ಸಿಪ್ಪೆ. ಅದಕ್ಕೂ ಮುಂಚೆ ಮಾವಿನ ಸೊನೆ. ಅದು ಸರಿಯಾಗಿದೆ. ನುಂಗು. ಈಗ ಬಾಯಿ ಮುಚ್ಚಿ ಉಸಿರು ಬಿಡು. ಕೊನೇಲಿ, ಗಂಟಲ ಹತ್ರ, ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ ಬರುತ್ತಾ?"

ಅವಳು ಕಣ್ಣು ಮುಚ್ಚಿದಳು. ಸುಮಾರು ಹೊತ್ತು ಮುಚ್ಚಿಕೊಂಡೇ ಇದ್ದಳು.

"ಬರುತ್ತೆ" ಅಂದಳು.

"ಎಳೇ ತುದೀ ಮೇಲೆ ಕಂದು ಪೊರೆ ಇರುತ್ತಲ್ಲ, ಈರುಳ್ಳಿ ಸಿಪ್ಪೆ ಥರ. ಅದನ್ನ ತೆಗೆದಿಲ್ಲ ನೀನು."

"ಅರ್ಧ ತೆಗ್ದೆ ಅಜ್ಜಿ. ಟೈಮ್ ಇರ್ಲಿಲ್ಲ."

"ಸೋಮಾರಿತನ. ಮಿಕ್ಕಿದ್ದೆಲ್ಲ ಪಾಸು. ಪೊರೆ ತೆಗೆದು ಹಾಕಿದ್ರೆ ಇದರಲ್ಲಿ ನಂಗೆ ಹುಡುಕೋಕೆ ಇನ್ನೇನೂ ಸಿಗಲ್ಲ."

ಆಗ ಅವಳ ಮುಖದ ಬಿಗಿ ಸಡಿಲಿತು. ಮಣಿಕಟ್ಟಿನಿಂದ ಮೂಗು ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲು ಹೋಗಲಿಲ್ಲ.

"ಮೊದ್ಲು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

"ಎಷ್ಟು ಸಲ ಹೇಳ್ಸೋದು?"

"ಒಂದೇ ಸಲ."

"ಚೆನ್ನಾಗಿದೆ. ಚೆನ್ನಾಗಿ ಮಾಡಿದ್ದೀಯ" ಅಂದೆ. ಎರಡನೇ ಸಲ ನಾಲಿಗೆ ಅಷ್ಟು ತಡವರಿಸಲಿಲ್ಲ.

ಮಾಲೀಕರು ಉಳಿದದ್ದನ್ನು ಬಗ್ಗಿಸಿಕೊಂಡು ಕುಡಿದರು. ಗೋಡೆಯ ಕಡೆ ನೋಡುತ್ತಾ ಇನ್ನೊಂದು ಗುಟುಕು ಕುಡಿದರು. "ಮಾವಿನಹಣ್ಣಿನೋರಿಗೆ ನಾನು ಮುಂದಿನ ವಾರ ಬನ್ನಿ ಅಂತ ಹೇಳ್ಕೋತೀನಿ" ಅಂದರು. "ಆದ್ರೆ ಎಲೆ ಇವತ್ತೇ ಬೀಳ್ಬೇಕು. ಆ ಟ್ಯಾಂಕಿನ ಬಿಯರು ಇನ್ನು ಕಾಯಲ್ಲ. ಮೂರು ಚೀಲಾನೂ ಬಿಡಿಸೋಕಾಗುತ್ತಾ?"

"ಆಗುತ್ತೆ ಸಾರ್" ಅಂದಳು ಮೊಮ್ಮಗಳು. ಆಗುವುದಿಲ್ಲ ಎಂದು ಅವಳ ಮುಖದಲ್ಲೇ ಬರೆದಿತ್ತು. ಒಬ್ಬಳ ಎರಡು ದಿನದ ಕೆಲಸ ಅದು.

ಮಗಳು ಫೋನು ತೆಗೆದು ಕ್ಲಿನಿಕ್ಕಿಗೆ ಮಾಡಿದಳು. "ಸಂಜೆ ಬರೋಕಾಗಲ್ಲ ಡಾಕ್ಟ್ರೇ, ಮಗಳ ಕೆಲಸ ಇದೆ" ಅಂದು ಇಟ್ಟಳು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, "ಎಲ್ಲಿವೆ ಚೀಲ?" ಅಂದಳು.

ತಣ್ಣನೆಯ ಕೋಣೆಯಿಂದ ಚೀಲ ತಂದು ಮೇಜಿನ ಮೇಲೆ ಸುರಿದರು. ನಮ್ಮ ಮೂವರ ತಲೆಗೂ ತೆಳು ಟೊಪ್ಪಿ ಹಾಕಿಸಿದಳು ಮೊಮ್ಮಗಳು. ಕೈ ತೊಳೆಸಿದಳು, ತೊಳೆದದ್ದು ಸಾಲದು ಎಂದು ಇನ್ನೊಮ್ಮೆ ತೊಳೆಸಿದಳು. ಅವರೆಕಾಳು ಹಿದುಕುವ ಹಾಗೆ ಕೂತು ಒಂದೊಂದೇ ತುದಿಯ ಪೊರೆ ಬಿಡಿಸಿದೆವು. ಉಗುರೆಲ್ಲ ಅಂಟು. ಮಾಲೀಕರೂ ಸ್ವಲ್ಪ ಹೊತ್ತು ಕೂತರು. ಅವರು ಬಿಡಿಸಿದ್ದನ್ನೆಲ್ಲ ಅವಳು ಎರಡನೇ ಸಲ ನೋಡಬೇಕಾಗಿ ಬಂದು, "ಸಾರ್, ನೀವು ಫೋನ್ ನೋಡ್ಕೊಳ್ಳಿ" ಅಂದಳು. ಅವರು ನಗುತ್ತಾ ಎದ್ದು ಹೋದರು. ಏಳು ಗಂಟೆಗೆ ಮೂರು ಚೀಲದಿಂದ ಒಂದು ಪುಟ್ಟ ರಾಶಿ ಉಳಿಯಿತು. ಅದನ್ನು ತೊಳೆದು ತೆಳುಬಟ್ಟೆಯ ಗಂಟು ಕಟ್ಟಿ ಟ್ಯಾಂಕಿಗೆ ಇಳಿಬಿಟ್ಟು ಮುಚ್ಚಳ ತಿರುಗಿಸಿದಳು. ತಿರುಗಿಸುವಾಗ ಯಾರನ್ನೂ ಹತ್ತಿರ ಸೇರಿಸಲಿಲ್ಲ.

ಮುಂದಿನ ವಾರ ಅದು ಹಲಗೆಯ ಮೇಲೆ ಬಂತು. ಎಲ್ಲರಿಗೂ ಹಿಡಿಸಿತು ಎಂದು ನಾನು ಹೇಳುವುದಿಲ್ಲ. ಒಂದು ಮೇಜಿನವರು ಇದೇನು ಕಷಾಯ ಎಂದು ವಾಪಸ್ಸು ಕಳಿಸಿದರಂತೆ. ಇನ್ನೊಬ್ಬರು ಮೂರು ದಿನ ಸಾಲಾಗಿ ಅದನ್ನೇ ಕೇಳಿಕೊಂಡು ಬಂದರಂತೆ. ಟ್ಯಾಂಕು ಬರಿದಾಯಿತು. ಮಾಲೀಕರು ಮಳೆಗಾಲ ಮುಗಿದ ಮೇಲೆ ಇನ್ನೊಂದು ಟ್ಯಾಂಕು, ಈ ಸಲ ಎರಡರಷ್ಟು ಎಲೆ ಹಿಡಿಸುವ ದೊಡ್ಡದು, ಅವಳಿಗೇ ಅಂದಿದ್ದಾರೆ. ತೊಳೆಯುವ ಕೆಲಸ ಇನ್ನೂ ಇದೆ, ಅದು ಆ ಕಸುಬಿನಲ್ಲಿ ಯಾರಿಗೂ ತಪ್ಪುವುದಿಲ್ಲವಂತೆ.

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಅವಳು ಲೆಕ್ಕ ಹಾಕುತ್ತಿದ್ದಳು. ಊಟಿಯ ಮರ ಮತ್ತೆ ಚಿಗುರಿದೆಯಂತೆ, ಗೆಳತಿ ಫೋನ್ ಮಾಡಿದ್ದಾಳೆ. ಬಲಿಯುವ ಮೊದಲು ಕೀಳಬೇಕು. ಆರು ಚೀಲ ಬೇಕು, ಒಬ್ಬಳಿಗೇ ಎಷ್ಟು ದಿನ ಬೇಕೋ ಅಂದಳು.

ಮಗಳು ಮಜ್ಜಿಗೆ ಬಡಿಸುತ್ತಿದ್ದಳು. ತಲೆ ಎತ್ತದೆ, "ಇಬ್ಬರಿಗೂ ಟಿಕೆಟ್ ತಗೋ. ಶನಿವಾರ ರಜಾ ಕೇಳಿದ್ದೀನಿ" ಅಂದಳು.

ನಾನು ಟ್ರಂಕಿನಿಂದ ಎರಡು ಸ್ವೆಟರು ತೆಗೆದು ಬಿಸಿಲಿಗೆ ಹಾಕಿದ್ದೇನೆ.